ಹದಿನಾರು ಅಂಕಗಳ ಲೆಕ್ಕ: ಪೆನ್ ಸ್ಟೇಟ್ ಫುಟ್‌ಬಾಲ್ ತಂಡದ 2026ರ ಹಂಗಾಮನ್ನು ಓದುವುದು ಹೇಗೆ?

ಆರು, ಐದು, ಒಂದು, ಒಂದು, ಮೂರು. ಕೂಡಿದರೆ ಹದಿನಾರು.

2025ರಲ್ಲಿ ಪೆನ್ ಸ್ಟೇಟ್ ವಿಶ್ವವಿದ್ಯಾಲಯದ ಫುಟ್‌ಬಾಲ್ ತಂಡ ಐದು ಪಂದ್ಯಗಳನ್ನು ಕಳೆದುಕೊಂಡ ಅಂತರ ಇಷ್ಟೇ. ಆರನೆಯ ಸೋಲು ಒಹಾಯೊ ಸ್ಟೇಟ್ ಎದುರು 38-14ರಲ್ಲಿ ಬಂತು. ಅದರ ಬಗ್ಗೆ ಯಾರದೂ ತಕರಾರಿಲ್ಲ, ಲಕ್ಷಣವಾಗಿಯೇ ಸೋತರು. ಉಳಿದ ಐದಕ್ಕೂ ಸೇರಿ ಹದಿನಾರು ಅಂಕ. ಅಮೆರಿಕನ್ ಫುಟ್‌ಬಾಲಿನಲ್ಲಿ ಚೆಂಡನ್ನು ಗೆರೆ ದಾಟಿಸಿದರೆ ಆರು ಅಂಕ, ಬೆನ್ನಿಗೇ ಕಂಬಗಳ ನಡುವೆ ಒದ್ದರೆ ಇನ್ನೊಂದು. ಅಂದರೆ ಮೂರು ಟಚ್‌ಡೌನ್‌ಗಳಿಗೂ ಸಾಲದ ಲೆಕ್ಕ. ಈ ಐದರಲ್ಲಿ ಮೊದಲ ಮೂರು ಸೋಲಿಗೇ ಹನ್ನೆರಡನೆಯ ವರ್ಷದಲ್ಲಿದ್ದ ಮುಖ್ಯ ತರಬೇತುದಾರ ಕೆಲಸ ಕಳೆದುಕೊಂಡರು. ದೇಶದಲ್ಲಿ ಎರಡನೆಯ ಸ್ಥಾನದಿಂದ ಹೊರಟ ತಂಡ ನಿಯಮಿತ ಹಂಗಾಮಿನ ಕೊನೆಗೆ ಆರು ಗೆಲುವು, ಆರು ಸೋಲಿಗೆ ಬಂದು ನಿಂತಿತು.

ನಮ್ಮ ಬೀದಿಯವರೊಬ್ಬರ ಮಗಳು ಅಲ್ಲಿ ಎಂ.ಎಸ್. ಓದುತ್ತಿದ್ದಾಳೆ. ಹೋದ ಸೆಪ್ಟೆಂಬರಿನಲ್ಲಿ ಬಿಳಿ ಅಂಗಿ ತೊಟ್ಟು ಸಾವಿರಾರು ಬಿಳಿ ಅಂಗಿಗಳ ನಡುವೆ ನಿಂತ ಫೋಟೊ ಕಳಿಸಿದ್ದಳು. ಅವಳ ತಂದೆ ಅದನ್ನು ನನಗೆ ತೋರಿಸಿ, "ಇದೇನು, ಯಾವುದಾದರೂ ಜಾತ್ರೆಯೇ?" ಎಂದು ಕೇಳಿದ್ದರು. ಈ ವರ್ಷ ಅವರ ಪ್ರಶ್ನೆ ಬೇರೆ: "ಈ ಸಲ ಇವರು ಗೆಲ್ಲುತ್ತಾರೆಯೇ?" ಹೌದು ಅಥವಾ ಇಲ್ಲ ಎಂದು ಮುಗಿಸಬಹುದಿತ್ತು. ಆದರೆ ಕಾಲೇಜು ಫುಟ್‌ಬಾಲಿನ ಮುನ್ನೋಟ ಎಂಬುದು ಈಗ ಎಷ್ಟು ಗೋಜಲಾಗಿದೆ ಎಂದರೆ, ಪ್ರಶ್ನೆಯಲ್ಲಿರುವ 'ಇವರು' ಯಾರು ಎಂಬುದನ್ನೇ ಮೊದಲು ಬಿಡಿಸಬೇಕು.

ಆಟದ ಮೂಲ ಸರಳವಾಗಿದೆ. ಕಡೆಗೆ ಹನ್ನೊಂದು ಜನ, ನೂರು ಗಜದ ಮೈದಾನ. ಚೆಂಡು ಹಿಡಿದ ತಂಡಕ್ಕೆ ನಾಲ್ಕು ಯತ್ನಗಳಲ್ಲಿ ಹತ್ತು ಗಜ ಮುಂದೆ ಹೋಗುವ ಅವಕಾಶ. ಹೋದರೆ ಮತ್ತೆ ನಾಲ್ಕು ಯತ್ನ, ಇಲ್ಲದಿದ್ದರೆ ಚೆಂಡು ಎದುರಾಳಿಗೆ. ಗೆರೆ ದಾಟಲಾಗದಿದ್ದರೂ ಹತ್ತಿರ ಬಂದರೆ ಒದ್ದು ಮೂರು ಅಂಕ ಗಳಿಸಬಹುದು. ಚೆಂಡನ್ನು ಎಸೆಯುವ, ಹಂಚುವ, ಆಟ ನಡೆಸುವ ಸೂತ್ರಧಾರನೇ ಕ್ವಾರ್ಟರ್‌ಬ್ಯಾಕ್. ಅವನ ಮುಂದೆ ಗೋಡೆಯಂತೆ ನಿಲ್ಲುವ ಐದು ಭಾರಿ ಆಳುಗಳ ಹೆಸರು ಯಾರ ಬಾಯಲ್ಲೂ ಬರುವುದಿಲ್ಲ. ಅವರು ಕುಸಿದ ದಿನ ಮಾತ್ರ ಸೂತ್ರಧಾರನ ಹೆಸರು ಎಲ್ಲರ ಬಾಯಲ್ಲಿರುತ್ತದೆ, ಬೈಗುಳದ ರೂಪದಲ್ಲಿ.

ಇನ್ನು ಮುನ್ನೋಟ. ಪ್ರತಿ ಆಗಸ್ಟ್‌ನಲ್ಲಿ ಅಸೋಸಿಯೇಟೆಡ್ ಪ್ರೆಸ್ ಸುದ್ದಿಸಂಸ್ಥೆಯ ಪಟ್ಟಿಗಾಗಿ ದೇಶದ ಕ್ರೀಡಾ ವರದಿಗಾರರು ಮತ ಹಾಕಿ ಮೊದಲ ಇಪ್ಪತ್ತೈದು ತಂಡಗಳನ್ನು ಆರಿಸುತ್ತಾರೆ. ಒಂದೂ ಪಂದ್ಯ ನಡೆದಿರುವುದಿಲ್ಲ. ಕೂಸು ಹುಟ್ಟುವ ಮುಂಚೆ ಕುಲಾವಿ ಎಂಬ ಮಾತಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ. 2025ರ ಕುಲಾವಿಗಳು ಹೀಗಿದ್ದವು: ಒಂದನೆಯದು ಟೆಕ್ಸಾಸ್, ಎರಡನೆಯದು ಪೆನ್ ಸ್ಟೇಟ್, ಮೂರು ಒಹಾಯೊ ಸ್ಟೇಟ್, ನಾಲ್ಕು ಕ್ಲೆಮ್ಸನ್. ಇಪ್ಪತ್ತನೆಯ ಜಾಗದಲ್ಲಿ, ಯಾರೂ ಎರಡನೆಯ ಸಲ ನೋಡದ ಹಾಗೆ, ಇಂಡಿಯಾನಾ.

ಆಮೇಲೆ ಆದದ್ದು ಇದು. ಟೆಕ್ಸಾಸ್ ಪ್ಲೇಆಫ್‌ಗೇ ಬರಲಿಲ್ಲ. ಎರಡನೆಯ ಮತ್ತು ನಾಲ್ಕನೆಯ ಸ್ಥಾನದ ತಂಡಗಳು ಡಿಸೆಂಬರ್ ಚಳಿಯಲ್ಲಿ ನ್ಯೂಯಾರ್ಕಿನ ಪಿನ್‌ಸ್ಟ್ರೈಪ್ ಬೌಲ್ ಎಂಬ ಸಮಾಧಾನಕರ ಪಂದ್ಯದಲ್ಲಿ ಮುಖಾಮುಖಿಯಾದವು. ಪೆನ್ ಸ್ಟೇಟ್ 22-10ರಲ್ಲಿ ಗೆದ್ದಿತು. ಇಂಡಿಯಾನಾ ಹದಿನಾರಕ್ಕೆ ಹದಿನಾರೂ ಗೆದ್ದು ರಾಷ್ಟ್ರೀಯ ಚಾಂಪಿಯನ್ ಆಯಿತು.

ಹಾಗೆಂದು ಪೆನ್ ಸ್ಟೇಟ್‌ಗೆ ಎರಡನೆಯ ಸ್ಥಾನ ಕೊಟ್ಟವರು ದಡ್ಡರಲ್ಲ. ಅವರ ತರ್ಕವನ್ನು ಒಮ್ಮೆ ನಡೆದು ನೋಡಬೇಕು, ಏಕೆಂದರೆ ಈ ವರ್ಷದ ಮುನ್ನೋಟಗಳಿಗೂ ಅದೇ ತರ್ಕ.

ಪೆನ್ಸಿಲ್ವೇನಿಯಾದ ನಡುಭಾಗದಲ್ಲಿ, ನಿಟನಿ ಬೆಟ್ಟದ ಅಡಿಯಲ್ಲಿರುವ ಸ್ಟೇಟ್ ಕಾಲೇಜ್ ಎಂಬ ಊರು. ಅಲ್ಲಿನ ಬೀವರ್ ಕ್ರೀಡಾಂಗಣದಲ್ಲಿ ಲಕ್ಷಕ್ಕೂ ಹೆಚ್ಚು ಜನ ಕೂರಬಹುದು. ಅಮೆರಿಕದಲ್ಲಿ ಇದಕ್ಕಿಂತ ದೊಡ್ಡದು ಮಿಷಿಗನ್ ವಿಶ್ವವಿದ್ಯಾಲಯದ್ದು ಮಾತ್ರ. 2024ರಲ್ಲಿ ಈ ತಂಡ ಹದಿಮೂರು ಪಂದ್ಯ ಗೆದ್ದು ರಾಷ್ಟ್ರೀಯ ಸೆಮಿಫೈನಲ್ ತಲುಪಿತ್ತು. 2025ರ ಜನವರಿ 9ರಂದು, ಆರೆಂಜ್ ಬೌಲ್ ಎಂಬ ಹೆಸರಿನಲ್ಲಿ ನಡೆದ ಆ ಸೆಮಿಫೈನಲ್‌ನಲ್ಲಿ, ನೋಟರ್ ಡೇಮ್ ಎದುರು ಪಂದ್ಯ 24-24ರಲ್ಲಿ ಸಮನಾಗಿತ್ತು, ಒಂದು ನಿಮಿಷವೂ ಉಳಿದಿರಲಿಲ್ಲ. ಕ್ವಾರ್ಟರ್‌ಬ್ಯಾಕ್ ಡ್ರೂ ಆಲರ್ ಒತ್ತಡದಲ್ಲಿ ಅಂಗಣದ ನಡುವಿಗೆ ಎಸೆದ ಚೆಂಡು ಎದುರಾಳಿಯ ಕೈ ಸೇರಿತು. ಏಳು ಸೆಕೆಂಡ್ ಇರುವಾಗ ನೋಟರ್ ಡೇಮ್ 41 ಗಜದಿಂದ ಒದ್ದು ಮೂರು ಅಂಕ ಗಳಿಸಿತು. 27-24.

ಆ ರಾತ್ರಿ ಎಲ್ಲರ ಕಣ್ಣು ಆ ಒಂದು ಎಸೆತದ ಮೇಲಿತ್ತು. ಇನ್ನೊಂದು ಅಂಕಿ ಅಂಕಪಟ್ಟಿಯ ಮೂಲೆಯಲ್ಲಿ ಸುಮ್ಮನೆ ಕೂತಿತ್ತು. ಇಡೀ ಪಂದ್ಯದಲ್ಲಿ ಪೆನ್ ಸ್ಟೇಟ್‌ನ ವೈಡ್ ರಿಸೀವರ್‌ಗಳು, ಅಂದರೆ ದೂರ ಓಡಿ ಚೆಂಡು ಹಿಡಿಯುವುದೇ ಕಸುಬಾದವರು, ಒಂದೂ ಚೆಂಡು ಹಿಡಿದಿರಲಿಲ್ಲ. ಒಂದೂ! ಸೆಮಿಫೈನಲ್ ತಲುಪಿದ ತಂಡದಲ್ಲಿ ಇಂಥ ತೂತು ಇರುವುದು ಅಪರೂಪ. ಅದನ್ನು ಮುಚ್ಚಿದ್ದವನು ಟೈಲರ್ ವಾರನ್ ಎಂಬ ಟೈಟ್ ಎಂಡ್. ತಡೆಯುವುದು, ಹಿಡಿಯುವುದು ಎರಡನ್ನೂ ಮಾಡುವ ಆ ದೈತ್ಯ ವೃತ್ತಿಪರ ಲೀಗಿಗೆ ಹೊರಟುಹೋದ. ಎದುರಾಳಿ ಕ್ವಾರ್ಟರ್‌ಬ್ಯಾಕ್‌ಗಳ ನಿದ್ದೆ ಕೆಡಿಸುತ್ತಿದ್ದ ಅಬ್ದುಲ್ ಕಾರ್ಟರ್ ವೃತ್ತಿಪರ ಲೀಗಿನ ವಾರ್ಷಿಕ ಆಯ್ಕೆಯಲ್ಲಿ ಮೂರನೆಯವನಾಗಿ ನ್ಯೂಯಾರ್ಕ್ ಜೈಂಟ್ಸ್ ಸೇರಿದ.

ಆದರೂ ಉಳಿದುಕೊಂಡವರ ಪಟ್ಟಿ ಭರ್ಜರಿಯಾಗಿತ್ತು. ಆಲರ್ ವೃತ್ತಿಪರನಾಗದೆ ಕಾಲೇಜಿಗೆ ಮರಳಿದ. ಹಿಂದಿನ ವರ್ಷ ಚೆಂಡು ಹಿಡಿದು ತಲಾ ಸಾವಿರ ಗಜಕ್ಕೂ ಹೆಚ್ಚು ಓಡಿದ್ದ ನಿಕೊಲಸ್ ಸಿಂಗಲ್‌ಟನ್ ಮತ್ತು ಕೇಟ್ರನ್ ಆಲನ್ ಇಬ್ಬರೂ ಮರಳಿದರು. ರಕ್ಷಣಾ ವಿಭಾಗಕ್ಕೆ ಚಾಂಪಿಯನ್ ಒಹಾಯೊ ಸ್ಟೇಟ್‌ನಿಂದಲೇ ಜಿಮ್ ನೋಲ್ಸ್ ಅವರನ್ನು ಕರೆತಂದರು. ಮುನ್ನೋಟ ಬರೆಯುವವರ ಮುಖ್ಯ ಅಳತೆಗೋಲು ಇದೇ: ಹಿಂದಿನ ವರ್ಷದ ಗಜಗಳಲ್ಲಿ, ಟ್ಯಾಕಲ್‌ಗಳಲ್ಲಿ (ಎದುರಾಳಿಯನ್ನು ಹಿಡಿದು ಕೆಡಹುವುದು) ಶೇಕಡಾ ಎಷ್ಟು ಮರಳಿ ಬರುತ್ತಿದೆ? ಹಳಬರು ಹೆಚ್ಚಿದ್ದಷ್ಟೂ ತಂಡ ಸುಧಾರಿಸುತ್ತದೆ ಎಂಬುದು ಹಲವು ವರ್ಷಗಳ ಅಂಕಿಅಂಶ ನೋಡಿ ಕಂಡುಕೊಂಡ ಒಲವು. ಒಲವು ಮಾತ್ರ, ನಿಯಮವಲ್ಲ. ಹಳಬರನ್ನು ಉಳಿಸಿಕೊಂಡವರಲ್ಲಿ ಮುಂಚೂಣಿಯಲ್ಲಿದ್ದ ಕ್ಲೆಮ್ಸನ್ ಕೂಡ ಆ ವರ್ಷ ಆರು ಪಂದ್ಯ ಸೋತಿತು. ಈ ಅಳತೆಗೋಲು ಮರಳಿ ಬಂದವರನ್ನು ಎಣಿಸುತ್ತದೆ. ಮರಳಿ ಬಂದವರಲ್ಲಿ ಏನು ಮೊದಲಿನಿಂದಲೂ ಇರಲಿಲ್ಲ ಎಂಬುದನ್ನು ಎಣಿಸುವುದಿಲ್ಲ.

ಹಂಗಾಮು ಶುರುವಾದಾಗ ಮೊದಲ ಮೂರು ಪಂದ್ಯ ನೆವಾಡ, ಫ್ಲೋರಿಡಾ ಇಂಟರ್‌ನ್ಯಾಷನಲ್, ವಿಲನೋವ ಎದುರು. ಮೂರನ್ನೂ ಸಲೀಸಾಗಿ ಗೆದ್ದರು. ನೀರು ಬೆರೆಸಿದ ಹಾಲನ್ನು ಅಳೆದು ಹಸುವಿನ ಯೋಗ್ಯತೆ ಹೇಳಿದಂತೆ ಅದು. ಸೆಪ್ಟೆಂಬರ್ 27ರಂದು ಆರೆಗಾನ್ ಬಂತು. ಫೋಟೊದಲ್ಲಿದ್ದ ಜಾತ್ರೆ ಅದೇ. ಇಡೀ ಕ್ರೀಡಾಂಗಣ ಬಿಳಿ ಉಡುವ ಆ ರಾತ್ರಿಗೆ ಅಲ್ಲಿ ವೈಟ್ ಔಟ್ ಎಂದು ಹೆಸರು. 1,11,000 ಜನ ಸೇರಿದ್ದರು. ಕೊನೆಯ ಕಾಲುಭಾಗದಲ್ಲಿ 3-17ರಿಂದ ಎದ್ದುಬಂದ ಪೆನ್ ಸ್ಟೇಟ್ ಪಂದ್ಯವನ್ನು ಹೆಚ್ಚುವರಿ ಅವಧಿಗೆ ಒಯ್ದಿತು. ಎರಡನೆಯ ಹೆಚ್ಚುವರಿ ಅವಧಿಯಲ್ಲಿ ಆರೆಗಾನ್ ಆರು ಅಂಕ ಮುಂದಿತ್ತು. ಪೆನ್ ಸ್ಟೇಟ್‌ನ ಮೊದಲ ಯತ್ನದಲ್ಲೇ ಆಲರ್ ಎಸೆದ ಚೆಂಡು ಮತ್ತೆ ಎದುರಾಳಿಯ ಕೈಗೆ. 30-24.

ಮುಂದಿನ ವಾರ ದೇಶದ ಇನ್ನೊಂದು ತುದಿಯಲ್ಲಿ ಲಾಸ್ ಏಂಜಲೀಸ್‌ನ ಯುಸಿಎಲ್ಎ. ಆಡಿದ ನಾಲ್ಕೂ ಸೋತಿದ್ದ ತಂಡ. ತರಬೇತುದಾರನನ್ನು ಆಗಲೇ ಮನೆಗೆ ಕಳಿಸಿದ್ದರು. ಆಕ್ರಮಣದ ಹೊಣೆ ಹೊತ್ತಿದ್ದವರೂ ಆ ವಾರವೇ ಹೊರನಡೆದಿದ್ದರು. ಬದಲಿಗೆ ಬಂದವರು ಕೆಲವೇ ದಿನಗಳ ತಯಾರಿಯಲ್ಲಿ ಆಟ ಹೆಣೆದರು. ಅರ್ಧವಿರಾಮಕ್ಕೆ ಯುಸಿಎಲ್ಎ 27-7ರಿಂದ ಮುಂದಿತ್ತು, ಕೊನೆಗೆ 42-37ರಲ್ಲಿ ಗೆದ್ದಿತು. ಅದರ ಮುಂದಿನ ವಾರ ತಮ್ಮದೇ ಮೈದಾನದಲ್ಲಿ ನಾರ್ತ್‌ವೆಸ್ಟರ್ನ್ ಎದುರು ಒಂದು ಅಂಕದ ಸೋಲು. ಆಲರ್ ಗಾಯಗೊಂಡು ಹಂಗಾಮನ್ನೇ ಕಳೆದುಕೊಂಡ. ಮರುದಿನ, ಅಕ್ಟೋಬರ್ 12ರಂದು, ಮುಖ್ಯ ತರಬೇತುದಾರ ಜೇಮ್ಸ್ ಫ್ರಾಂಕ್ಲಿನ್ ಅವರನ್ನು ವಜಾ ಮಾಡಲಾಯಿತು. 104 ಪಂದ್ಯ ಗೆಲ್ಲಿಸಿದ್ದವರು, ಆದರೆ ಮೊದಲ ಹತ್ತರೊಳಗಿನ ತಂಡಗಳ ಎದುರು ನಾಲ್ಕನ್ನು ಗೆದ್ದು ಇಪ್ಪತ್ತೊಂದನ್ನು ಸೋತಿದ್ದವರು. ಒಪ್ಪಂದದ ಪ್ರಕಾರ ಅವರಿಗೆ ಕೊಡಬೇಕಾಗಿ ಬಂದ ಮೊತ್ತ ಸುಮಾರು 4.9 ಕೋಟಿ ಡಾಲರ್, ನಮ್ಮ ಲೆಕ್ಕದಲ್ಲಿ ನಾನೂರು ಕೋಟಿ ರೂಪಾಯಿಗೂ ಮೇಲೆ. ಅವರು ವರ್ಜೀನಿಯಾ ಟೆಕ್‌ನಲ್ಲಿ ಬೇಗನೆ ಕೆಲಸ ಹಿಡಿದದ್ದರಿಂದ ಆ ಮೊತ್ತ ಬಹಳ ಇಳಿಯಿತು ಎನ್ನುವುದು ಬೇರೆ ಮಾತು.

ಆಮೇಲೆ ಅಯೊವಾ ಎದುರು ಒಂದು ಅಂಕ. ನವೆಂಬರಿನಲ್ಲಿ ಇಂಡಿಯಾನಾ ಎದುರು ಮೂರು ಅಂಕ. ಈ ಕೊನೆಯದನ್ನು ನಾನು ಹಲವು ಸಲ ನೋಡಿದ್ದೇನೆ. ಪೆನ್ ಸ್ಟೇಟ್ 24-20ರಿಂದ ಮುಂದಿದೆ. 36 ಸೆಕೆಂಡ್ ಉಳಿದಿರುವಾಗ ಇಂಡಿಯಾನಾದ ಫರ್ನಾಂಡೊ ಮೆಂಡೋಸ ಹಿಂದಿನ ಗೆರೆಯತ್ತ ಎತ್ತರಕ್ಕೆ ಎಸೆಯುತ್ತಾನೆ. ಒಮರ್ ಕೂಪರ್ ಗಾಳಿಯಲ್ಲೇ ಚೆಂಡು ಹಿಡಿದು ಬೀಳುತ್ತಾನೆ. ಕಾಲೇಜು ನಿಯಮದಲ್ಲಿ ಒಂದು ಪಾದ ಒಳಗೆ ತಾಗಿದರೆ ಸಾಕು. ತಾಗಿದ್ದು ಪಾದವಲ್ಲ, ಕಾಲ್ಬೆರಳು. ಆ ಬೆರಳು ಇನ್ನೊಂದು ಗೇಣು ಆಚೆ ಬಿದ್ದಿದ್ದರೆ ಇಂಡಿಯಾನಾದ ಹದಿನಾರು ಗೆಲುವು ಹದಿನೈದಾಗುತ್ತಿತ್ತೇನೋ, ಪೆನ್ ಸ್ಟೇಟ್‌ನ ಹದಿನಾರು ಅಂಕದ ಲೆಕ್ಕ ಹದಿಮೂರಾಗುತ್ತಿತ್ತೇನೋ.

ಇಲ್ಲಿಂದ ಮುನ್ನೋಟದ ಎರಡನೆಯ ಅಳತೆಗೋಲು ಹುಟ್ಟುತ್ತದೆ. ಕೂದಲೆಳೆಯ ಅಂತರದ ಪಂದ್ಯಗಳಲ್ಲಿ ಅದೃಷ್ಟದ ಪಾಲು ದೊಡ್ಡದು, ಒಂದು ವರ್ಷ ಅವೆಲ್ಲವನ್ನೂ ಸೋತ ತಂಡ ಮರುವರ್ಷ ಅರ್ಧದಷ್ಟಾದರೂ ಗೆಲ್ಲುವ ಸಂಭವ ಹೆಚ್ಚು ಎಂಬುದು ಅಂಕಿಅಂಶ ನೋಡುವವರ ಹಳೆಯ ಅರಿವು. ನಾಣ್ಯ ಐದು ಸಲ ಮಗುಚಿ ಬಿದ್ದರೆ ನಾಣ್ಯವೇ ಕೆಟ್ಟಿದೆ ಎನ್ನುವಂತಿಲ್ಲ. 2024ರಲ್ಲಿ ಇದೇ ಪೆನ್ ಸ್ಟೇಟ್ ಮಿನೆಸೋಟವನ್ನು ಒಂದು ಅಂಕದಿಂದಲೂ ಸದರ್ನ್ ಕ್ಯಾಲಿಫೋರ್ನಿಯಾವನ್ನು ಹೆಚ್ಚುವರಿ ಅವಧಿಯಲ್ಲಿ ಮೂರು ಅಂಕದಿಂದಲೂ ಸೋಲಿಸಿತ್ತು. ಆ ಎರಡು ಮಗುಚಿದ್ದರೆ 2025ರ ಕುಲಾವಿಯೇ ಸಣ್ಣದಾಗಿರುತ್ತಿತ್ತು.

ಹಾಗಾದರೆ 2026ರಲ್ಲಿ ಸುಧಾರಣೆ ಖಚಿತವೇ? ಆತುರ ಬೇಡ. ನೆಬ್ರಾಸ್ಕ ಎಂಬ ಇನ್ನೊಂದು ಹಳೆಯ ಮನೆತನವಿದೆ. 2021ರಲ್ಲಿ ಅದು ಒಂಬತ್ತು ಪಂದ್ಯ ಸೋತಿತು, ಒಂಬತ್ತೂ ಒಂದಂಕೆಯ ಅಂತರದಲ್ಲಿ. ಗಳಿಸಿದ ಅಂಕ ಕೊಟ್ಟ ಅಂಕಕ್ಕಿಂತ ಹೆಚ್ಚೇ ಇತ್ತು. ಮುಂದಿನ ವರ್ಷ ಅದೃಷ್ಟ ತಿರುಗುತ್ತದೆ ಎಂದು ಎಲ್ಲರೂ ಬರೆದರು. ಮುಂದಿನ ವರ್ಷ ಎಂಟು ಸೋತಿತು. ಮೂರನೆಯ ಪಂದ್ಯಕ್ಕೇ ತರಬೇತುದಾರ ಮನೆಗೆ ಹೋದರು. ಪಂದ್ಯದ ಕೊನೆಯ ಐದು ನಿಮಿಷದಲ್ಲಿ ಕೈ ನಡುಗುವುದು ಕೆಲವು ತಂಡಗಳಿಗೆ ಅದೃಷ್ಟವಲ್ಲ, ಅಭ್ಯಾಸ.

ನನ್ನ ತಕರಾರು ಇದಕ್ಕಿಂತ ಬುಡದ್ದು. ಹದಿನಾರು ಅಂಕದ ದುರದೃಷ್ಟವನ್ನು ಅನುಭವಿಸಿದ ತಂಡ ಈಗ ಎಲ್ಲಿದೆ?

ಕೆಲವು ವರ್ಷಗಳ ಹಿಂದಿನವರೆಗೆ ಈ ಪ್ರಶ್ನೆಯೇ ಹುಟ್ಟುತ್ತಿರಲಿಲ್ಲ. ಹುಡುಗ ಹದಿನೆಂಟಕ್ಕೆ ಸೇರಿದರೆ ನಾಲ್ಕೈದು ವರ್ಷ ಅದೇ ಅಂಗಿ. ಕಾಲೇಜು ಬದಲಿಸಿದರೆ ಒಂದು ವರ್ಷ ಬೆಂಚಿನ ಮೇಲೆ ಕೂರಬೇಕಿತ್ತು. 2021ರಲ್ಲಿ ಒಂದು ಸಲ ದಂಡವಿಲ್ಲದೆ ಹೋಗಬಹುದು ಎಂದಾಯಿತು, 2024ರಿಂದ ಎಷ್ಟು ಸಲ ಬೇಕಾದರೂ. ಹೊರಡುವ ಹುಡುಗರು ತಮ್ಮ ಹೆಸರು ಬರೆಸುವ ಗಣಕ ಪಟ್ಟಿಗೆ ಟ್ರಾನ್ಸ್‌ಫರ್ ಪೋರ್ಟಲ್ ಎನ್ನುತ್ತಾರೆ. ಈ ವರ್ಷ ಅದು ಜನವರಿ 2ರಿಂದ 16ರವರೆಗೆ, ಒಂದೇ ಸಲ ತೆರೆದಿತ್ತು. 2021ರ ಜುಲೈನಿಂದ ಆಟಗಾರರು ತಮ್ಮ ಹೆಸರು, ಚಹರೆ ಬಳಸುವ ಜಾಹೀರಾತಿನಿಂದ ಹಣ ಪಡೆಯಬಹುದು. 2025ರ ಜೂನ್‌ನಲ್ಲಿ ನ್ಯಾಯಾಲಯ ಒಪ್ಪಿದ ರಾಜಿಯ ಪ್ರಕಾರ ವಿಶ್ವವಿದ್ಯಾಲಯಗಳೇ ನೇರವಾಗಿ ಪಾಲು ಕೊಡಬಹುದು. ಮೊದಲ ವರ್ಷಕ್ಕೆ ಎಲ್ಲ ಕ್ರೀಡೆಗಳೂ ಸೇರಿ ಮಿತಿ 2.05 ಕೋಟಿ ಡಾಲರ್, ಅಂದರೆ 170 ಕೋಟಿ ರೂಪಾಯಿಗೂ ಹೆಚ್ಚು. ತಂಡದಲ್ಲಿ ಗರಿಷ್ಠ 105 ಜನ.

ಐಪಿಎಲ್ ಹರಾಜು ನೋಡಿದವರಿಗೆ ಇದು ಹೊಸದಲ್ಲ ಎನಿಸಬಹುದು. ವ್ಯತ್ಯಾಸವಿದೆ. ಹರಾಜಿನಲ್ಲಿ ಯಾರನ್ನು ಉಳಿಸಿಕೊಳ್ಳಬೇಕೆಂದು ತಂಡ ನಿರ್ಧರಿಸುತ್ತದೆ. ಇಲ್ಲಿ ಉಳಿಯಬೇಕೇ ಬೇಡವೇ ಎಂದು ನಿರ್ಧರಿಸುವವನು ಹುಡುಗ. ಅವನು ನಂಬುವುದು ಬಹಳ ಸಲ ವಿಶ್ವವಿದ್ಯಾಲಯವನ್ನಲ್ಲ, ತನ್ನನ್ನು ಕರೆತಂದ ತರಬೇತುದಾರನನ್ನು. ಹೀಗಾಗಿ ತರಬೇತುದಾರ ಬದಲಾದರೆ ಊರಿಗೆ ಊರೇ ಗುಳೆ ಏಳುತ್ತದೆ.

ಪೆನ್ ಸ್ಟೇಟ್‌ನಲ್ಲಿ ಆದದ್ದು ಅದೇ. ಹೊಸಬರ ಹುಡುಕಾಟ 54 ದಿನ ಎಳೆಯಿತು. ಅಷ್ಟರಲ್ಲಿ ಡಿಸೆಂಬರಿನ ಸಹಿ ದಿನ ಬಂತು. ಪ್ರೌಢಶಾಲೆ ಮುಗಿಸುತ್ತಿರುವ ಹುಡುಗರು ಕಾಲೇಜು ಒಪ್ಪಂದಕ್ಕೆ ಸಹಿ ಹಾಕುವ ದಿನ ಅದು. ದೊಡ್ಡ ತಂಡಗಳು ಅಂದು ಇಪ್ಪತ್ತು, ಇಪ್ಪತ್ತೈದು ಜನರನ್ನು ಸೇರಿಸಿಕೊಳ್ಳುತ್ತವೆ. ಪೆನ್ ಸ್ಟೇಟ್‌ಗೆ ಸಹಿ ಹಾಕಿದವರು ಇಬ್ಬರು. ಫ್ರಾಂಕ್ಲಿನ್ ಮಾತು ನಂಬಿದ್ದ ಹಲವರು ಅವರ ಹಿಂದೆ ವರ್ಜೀನಿಯಾಕ್ಕೆ ನಡೆದರು. ಆಲರ್ ಗಾಯಗೊಂಡ ಮೇಲೆ ಉಳಿದ ಹಂಗಾಮಿನಲ್ಲಿ ಆಡಿ ಪಳಗಿದ್ದ ಈಥನ್ ಗ್ರುಂಕಮೈಯರ್ ಕೂಡ ಅತ್ತಲೇ ಹೋದ. ಆಲರ್, ಸಿಂಗಲ್‌ಟನ್, ವಿಶ್ವವಿದ್ಯಾಲಯದ ಇತಿಹಾಸದಲ್ಲೇ ಅತಿ ಹೆಚ್ಚು ಗಜ ಓಡಿದ ದಾಖಲೆ ಬರೆದ ಆಲನ್, ಎಲ್ಲರ ಕಾಲೇಜು ಅವಧಿಯೂ ಮುಗಿಯಿತು. ಹದಿನಾರು ಅಂಕ ಸೋತವರಲ್ಲಿ ಬಹುಪಾಲು ಈ ವರ್ಷ ಅಲ್ಲಿಲ್ಲ. ಅವರ ದುರದೃಷ್ಟ ತಿರುಗುವುದಾದರೂ ಅದರ ಫಲ ಯಾರ ಖಾತೆಗೆ?

ಡಿಸೆಂಬರ್ 5ರಂದು ಮ್ಯಾಟ್ ಕ್ಯಾಂಬೆಲ್ ಅವರ ಹೆಸರು ಪ್ರಕಟವಾಯಿತು. ಅಯೊವಾ ಸ್ಟೇಟ್‌ನಲ್ಲಿ ಹತ್ತು ವರ್ಷ ದುಡಿದು 72 ಗೆಲುವು ಕಂಡವರು. ಅಂಕಿ ನೋಡಿ ಮೂಗು ಮುರಿಯಬೇಡಿ. ಅಯೊವಾ ಸ್ಟೇಟ್ ಎಂದರೆ ಮೇಲೆ ಬಂದ ಅಯೊವಾ ಅಲ್ಲ, ಜೋಳದ ಹೊಲಗಳ ನಡುವಿನ ಏಮ್ಸ್ ಎಂಬ ಊರಿನಲ್ಲಿ ಕೃಷಿ ಕಾಲೇಜಾಗಿ ಶುರುವಾದ ವಿಶ್ವವಿದ್ಯಾಲಯ. ಅದರ ಇತಿಹಾಸದಲ್ಲಿ ಒಂದು ಹಂಗಾಮಿನಲ್ಲಿ ಹತ್ತು ಗೆಲುವು ಎಂಬುದೇ ಇರಲಿಲ್ಲ. ಕ್ಯಾಂಬೆಲ್ 2024ರಲ್ಲಿ ಹನ್ನೊಂದು ಗೆಲ್ಲಿಸಿದರು. ಬೇರೆಯವರು ಬಿಟ್ಟ ಹುಡುಗರನ್ನು ಹುಡುಕಿ ತಂದು, ಮೂರು ವರ್ಷ ತಿದ್ದಿ ತೀಡಿ ಆಡಿಸುವುದು ಅವರ ಕೈಗುಣ. ಪೆನ್ ಸ್ಟೇಟ್‌ಗೆ ಬಂದಾಗ ಅವರಿಗೆ ಮೂರು ವರ್ಷವಿರಲಿಲ್ಲ, ಪೋರ್ಟಲ್ ತೆರೆಯಲು ಒಂದು ತಿಂಗಳೂ ಇರಲಿಲ್ಲ. ತಿದ್ದಿ ತೀಡಿದ ಹುಡುಗರನ್ನೇ ಜೊತೆಗೆ ಕರೆತಂದರು. ಪೋರ್ಟಲ್ ತೆರೆದ ಜನವರಿಯಲ್ಲಿ ಏಮ್ಸ್‌ನಿಂದ ಇಪ್ಪತ್ತಕ್ಕೂ ಹೆಚ್ಚು ಆಟಗಾರರು ಗಂಟುಮೂಟೆ ಕಟ್ಟಿದರು. ಟೈಟ್ ಎಂಡ್ ಬೆನ್ ಬ್ರಾಮರ್, ಓಟಗಾರ ಕಾರ್ಸನ್ ಹ್ಯಾನ್ಸನ್, ಎಲ್ಲಕ್ಕಿಂತ ಮುಖ್ಯವಾಗಿ ಕ್ವಾರ್ಟರ್‌ಬ್ಯಾಕ್ ರಾಕೊ ಬೆಕ್ಟ್. ಆಕ್ರಮಣದ ಸೂತ್ರ ಹಿಡಿಯುವ ಟೇಲರ್ ಮೌಸರ್ ಕೂಡ ಅಲ್ಲಿಂದಲೇ.

ಈ ಹಂಗಾಮಿನ ಮುನ್ನೋಟವನ್ನು ಓದುವ ಕೀಲಿ ಇಲ್ಲಿದೆ. ಪೆನ್ ಸ್ಟೇಟ್‌ನ 2025ನ್ನು ನೋಡಿ 2026ನ್ನು ಊಹಿಸುವುದು ಹಳೆಯ ಬಾಡಿಗೆದಾರನ ವಿದ್ಯುತ್ ಬಿಲ್ ನೋಡಿ ಹೊಸಬನ ಖರ್ಚು ಊಹಿಸಿದಂತೆ. ನೋಡಬೇಕಾದದ್ದು ಅಯೊವಾ ಸ್ಟೇಟ್‌ನ 2025ನ್ನು. ಅಲ್ಲಿ ಏನಿದೆ? ಮೊದಲ ಐದೂ ಗೆಲುವು. ಆಮೇಲೆ ಗಾಯಗಳು ಕಾಡಿ ಸತತ ನಾಲ್ಕು ಸೋಲು. ಕೊನೆಗೆ ಮೂರು ಗೆಲುವು. ಒಟ್ಟು 8-4. ತರಬೇತುದಾರ ಹೊರಟುಹೋದ ಮೇಲೆ ಡಿಸೆಂಬರಿನ ಬೌಲ್ ಪಂದ್ಯವೇ ಬೇಡ ಎಂದು ತಂಡ ಹಿಂದೆ ಸರಿದು ಐದು ಲಕ್ಷ ಡಾಲರ್ ದಂಡ ತೆತ್ತಿತು. ಬೆಕ್ಟ್ 2024ರಲ್ಲಿ 3,500 ಗಜ ಎಸೆದವನು, 2025ರಲ್ಲಿ ಅಷ್ಟು ಮಿಂಚಲಿಲ್ಲ. ಆದರೆ ಮೂರು ವರ್ಷ ಪೂರ್ತಿ ತಂಡ ನಡೆಸಿದ ಅನುಭವ ಅವನದು. ಕ್ಯಾಂಬೆಲ್ ಏನು ಯೋಚಿಸುತ್ತಾರೆಂದು ಅವರು ಹೇಳುವ ಮೊದಲೇ ಅವನಿಗೆ ಗೊತ್ತು. ಹೊಸ ತರಬೇತುದಾರರ ಮೊದಲ ವರ್ಷವನ್ನು ಹಾಳುಮಾಡುವುದು ಸಾಮಾನ್ಯವಾಗಿ ಇದೇ ಭಾಷೆಯ ತೊಡಕು. ಆಟದ ಸಂಕೇತಗಳು, ಹೆಸರುಗಳು, ಕೈಸನ್ನೆಗಳು ಎಲ್ಲವೂ ಹೊಸದು. ಆ ತೊಡಕು ಇಲ್ಲಿ ಆಕ್ರಮಣದ ಅರ್ಧ ಭಾಗಕ್ಕಾದರೂ ಇಲ್ಲ.

ಈ ದಾರಿಯನ್ನು ತುಳಿದು ತೋರಿಸಿದ್ದು, ವಿಚಿತ್ರವೆಂದರೆ, ಕಾಲ್ಬೆರಳಿನಿಂದ ಪೆನ್ ಸ್ಟೇಟ್‌ನ ಕತೆ ಮುಗಿಸಿದ ಅದೇ ಇಂಡಿಯಾನಾ. 2023ರಲ್ಲಿ ಮೂರು ಗೆದ್ದು ಒಂಬತ್ತು ಸೋತಿದ್ದ ತಂಡಕ್ಕೆ ಕರ್ಟ್ ಸಿಗ್ನೆಟಿ ಜೇಮ್ಸ್ ಮ್ಯಾಡಿಸನ್ ಎಂಬ ಸಣ್ಣ ವಿಶ್ವವಿದ್ಯಾಲಯದಿಂದ ಬಂದರು, ಹದಿಮೂರು ಹುಡುಗರನ್ನು ಜೊತೆಗೆ ತಂದರು. ಮೊದಲ ವರ್ಷವೇ ಹನ್ನೊಂದು ಗೆಲುವು, ಎರಡನೆಯ ವರ್ಷ ಹದಿನಾರು. ಈಗ ಎಲ್ಲರ ಬಾಯಲ್ಲೂ ಅದೇ ಮಂತ್ರ. ನನಗೆ ಅಷ್ಟು ಸುಲಭಕ್ಕೆ ನಂಬಿಕೆ ಬರುವುದಿಲ್ಲ. ಒಬ್ಬರ ಹಿತ್ತಲಲ್ಲಿ ಹಬ್ಬಿದ ಬಳ್ಳಿ ಎಲ್ಲರ ಹಿತ್ತಲಲ್ಲೂ ಹಬ್ಬುತ್ತಿದ್ದರೆ ಸಂತೆಗೆ ತರಕಾರಿಯೇ ಬರುತ್ತಿರಲಿಲ್ಲ. ಇಂಡಿಯಾನಾಗೆ ಮೊದಲ ವರ್ಷ ಯಾರ ನಿರೀಕ್ಷೆಯ ಭಾರವೂ ಇರಲಿಲ್ಲ. ಪೆನ್ ಸ್ಟೇಟ್‌ನಲ್ಲಿ ಎರಡು ಸೋಲಿಗೆ ಲಕ್ಷ ಜನ ಗೊಣಗುತ್ತಾರೆ.

ಇನ್ನೊಂದು ಸಂಶಯ ಗೋಡೆಯ ಬಗ್ಗೆ. ಏಮ್ಸ್‌ನಿಂದ ಬಂದವರು ಆಡುತ್ತಿದ್ದದ್ದು ಬಿಗ್ ಟ್ವೆಲ್ವ್ ಒಕ್ಕೂಟದಲ್ಲಿ. ಈಗ ಆಡುವುದು ಬಿಗ್ ಟೆನ್‌ನಲ್ಲಿ. ಹೆಸರಿನಲ್ಲಿ ಹತ್ತಿದ್ದರೂ ಅದರಲ್ಲಿ ಹದಿನೆಂಟು ತಂಡಗಳಿವೆ, ಅಮೆರಿಕನ್ನರ ಈ ಲೆಕ್ಕ ನನಗೆ ಇನ್ನೂ ಅರ್ಥವಾಗಿಲ್ಲ. ಅಲ್ಲಿಯ ಮೇಲ್ತರಗತಿ ತಂಡಗಳ ಮುಂಚೂಣಿಯಲ್ಲಿ ನೂರೈವತ್ತು ಕಿಲೊ ತೂಗುವವರು ಚಿರತೆಯಂತೆ ಓಡಿಬರುತ್ತಾರೆ. ಪೆನ್ ಸ್ಟೇಟ್‌ನ ಗೋಡೆಯ ಗಟ್ಟಿ ಕಲ್ಲಾಗಿದ್ದ ವೇಗಾ ಇವಾನೆ ವೃತ್ತಿಪರ ಲೀಗಿನ ಹಾದಿ ಹಿಡಿದಿದ್ದಾನೆ. ಬೆಕ್ಟ್ ಎಷ್ಟೇ ಜಾಣನಾದರೂ ಯೋಚಿಸಲು ಮೂರು ಸೆಕೆಂಡ್ ಬೇಕು. ಆ ಮೂರು ಸೆಕೆಂಡ್ ಕೊಡುವವರು ಆ ಐವರು. ರಕ್ಷಣೆಯ ಹೊಣೆ ಡಿ'ಆಂಟನ್ ಲಿನ್ ಅವರದು, ಸದರ್ನ್ ಕ್ಯಾಲಿಫೋರ್ನಿಯಾದಿಂದ ಬಂದವರು, ಹಿಂದೆ ಇದೇ ಪೆನ್ ಸ್ಟೇಟ್‌ಗೆ ಆಡಿದವರು. ಫ್ರಾಂಕ್ಲಿನ್ ಹೋದ ಮೇಲೆ ತಾತ್ಕಾಲಿಕ ಮುಖ್ಯ ತರಬೇತುದಾರರಾಗಿ ನಿಯಮಿತ ಹಂಗಾಮಿನ ಕೊನೆಯ ಮೂರು ಪಂದ್ಯ ಗೆಲ್ಲಿಸಿ ಮಾನ ಉಳಿಸಿದ ಟೆರಿ ಸ್ಮಿತ್ ಅವರನ್ನು ಕ್ಯಾಂಬೆಲ್ ಉಳಿಸಿಕೊಂಡದ್ದು ಜಾಣತನ. ಹೊಸ ಸೊಸೆಗೆ ಮನೆಯ ಮೂಲೆಮೂಲೆ ತೋರಿಸಲು ಒಬ್ಬರು ಹಳಬರು ಬೇಕು.

ಸಂಶಯಗಳ ನಡುವೆ ಒಂದು ವರ ಸಿಕ್ಕಿದೆ, ಅದು ವೇಳಾಪಟ್ಟಿ. ಹದಿನೆಂಟು ತಂಡಗಳ ಒಕ್ಕೂಟದಲ್ಲಿ ಪ್ರತಿಯೊಬ್ಬರೂ ಒಂಬತ್ತು ಜನರ ಜೊತೆ ಮಾತ್ರ ಆಡುತ್ತಾರೆ, ಉಳಿದವರು ಆ ವರ್ಷ ಎದುರಾಗುವುದಿಲ್ಲ. ಯಾರಿಗೆ ಯಾರು ಎಂಬುದನ್ನು ವರ್ಷಗಳ ಮೊದಲೇ ಗೊತ್ತುಮಾಡಿರುತ್ತಾರೆ. 2026ರಲ್ಲಿ ಪೆನ್ ಸ್ಟೇಟ್‌ಗೆ ಒಹಾಯೊ ಸ್ಟೇಟ್ ಇಲ್ಲ, ಆರೆಗಾನ್ ಇಲ್ಲ, ಇಂಡಿಯಾನಾ ಇಲ್ಲ. ಹೋದ ವರ್ಷ ಈ ಮೂವರೂ ಇದ್ದರು, ಮೂವರೂ ಸೋಲಿಸಿದರು. ಒಕ್ಕೂಟದ ಹೊರಗಿನ ಪಂದ್ಯಗಳು ಮಾರ್ಷಲ್, ಟೆಂಪಲ್, ಬಫಲೊ ಎದುರು. ಮತ್ತೆ ನೀರು ಬೆರೆಸಿದ ಹಾಲು. ನಿಜವಾದ ಪರೀಕ್ಷೆಗಳು ಮೂರು: ತವರಿನಲ್ಲಿ ಸದರ್ನ್ ಕ್ಯಾಲಿಫೋರ್ನಿಯಾ, ಹೊರಗೆ ಮಿಷಿಗನ್, ಮತ್ತು ಖಂಡದ ಆಚೆ ತುದಿಯ ಸಿಯಾಟಲ್‌ನಲ್ಲಿ ವಾಷಿಂಗ್ಟನ್. ಕೊನೆಯದನ್ನು ಹಗುರವಾಗಿ ಎಣಿಸುವವರು ಯುಸಿಎಲ್ಎ ಪಂದ್ಯದ ಅರ್ಧವಿರಾಮದ ಅಂಕಪಟ್ಟಿಯನ್ನು ಗೋಡೆಗೆ ಅಂಟಿಸಿಕೊಳ್ಳಲಿ.

ಗುರಿ ಏನು ಎಂಬುದೂ ಸ್ಪಷ್ಟವಿರಬೇಕು. ಪ್ಲೇಆಫ್‌ಗೆ ಹೋಗುವುದು ಹನ್ನೆರಡು ತಂಡ. ಐದು ಜಾಗ ಒಕ್ಕೂಟಗಳ ಚಾಂಪಿಯನ್ನರಿಗೆ ಮೀಸಲು, ಉಳಿದ ಏಳು ಸಮಿತಿಯ ಕೈಯಲ್ಲಿ. ಬಿಗ್ ಟೆನ್‌ನಲ್ಲಿ ಹನ್ನೆರಡರಲ್ಲಿ ಹತ್ತು ಗೆದ್ದರೆ ಬಾಗಿಲು ತೆರೆಯುವ ಸಾಧ್ಯತೆ ಹೆಚ್ಚು. ಆದರೆ ಇಲ್ಲಿ ವೇಳಾಪಟ್ಟಿಯ ವರವೇ ತಿರುಗಿ ಕಚ್ಚಬಹುದು. ದೊಡ್ಡವರನ್ನು ಸೋಲಿಸದೆ ಹತ್ತು ಗೆದ್ದವರನ್ನು ಸಮಿತಿ ಕನ್ನಡಕ ಏರಿಸಿಕೊಂಡು ನೋಡುತ್ತದೆ.

ನನ್ನ ಅಂದಾಜು ಕೇಳಿದರೆ ಎಂಟು ಅಥವಾ ಒಂಬತ್ತು ಗೆಲುವು. ಗೋಡೆ ಗಟ್ಟಿಯಾಗಿದ್ದರೆ, ಬೆಕ್ಟ್ ಪೂರ್ತಿ ಹಂಗಾಮು ನಿಂತರೆ ಹತ್ತು. ಏಳಕ್ಕೆ ಇಳಿದರೂ ನಾನು ಬೆಚ್ಚಿಬೀಳುವುದಿಲ್ಲ. ಈ ಅಂದಾಜಿನ ಅಗಲ ನೋಡಿ ಆ ತಂದೆ ನಕ್ಕರು, "ಇಷ್ಟನ್ನು ನಾನೂ ಹೇಳುತ್ತಿದ್ದೆ" ಎಂದರು. ನಿಜ. ಆದರೆ ಹೋದ ವರ್ಷ ಎರಡನೆಯ ಸ್ಥಾನ ಎಂದು ಗೀಟು ಹಾಕಿದವರಿಗಿಂತ ಈ ಅಗಲವೇ ಪ್ರಾಮಾಣಿಕ ಎಂದು ನನಗೆ ಅನಿಸುತ್ತದೆ. ಮೊದಲ ಮೂರು ಪಂದ್ಯದ ಅಂಕಗಳನ್ನು ನೋಡಬೇಡಿ ಎಂದೂ ಅವರಿಗೆ ಹೇಳಿದ್ದೇನೆ. ಬೆಕ್ಟ್ ಚೆಂಡು ಹಿಡಿದು ಹಿಂದೆ ಸರಿದಾಗ ಮನಸ್ಸಿನಲ್ಲೇ ಒಂದು, ಎರಡು, ಮೂರು ಎಣಿಸಿ. ಮಾರ್ಷಲ್‌ನಂಥವರ ಎದುರೂ ಮೂರು ಮುಗಿಯುವ ಮೊದಲೇ ಅವನು ಓಡಬೇಕಾಗಿ ಬಂದರೆ ಮಿಷಿಗನ್ ಪಂದ್ಯದ ಫಲಿತಾಂಶ ಅಲ್ಲೇ ಗೊತ್ತಾಗಿಬಿಡುತ್ತದೆ.

ಮಗಳು ಈ ವರ್ಷವೂ ಟಿಕೆಟ್ ತೆಗೆದುಕೊಂಡಿದ್ದಾಳಂತೆ. ಪೆನ್ ಸ್ಟೇಟ್‌ಗೆ ಬಹುಕಾಲದ ಒಂದು ಸಂಪ್ರದಾಯವಿದೆ: ಅಂಗಿಯ ಬೆನ್ನ ಮೇಲೆ ಆಟಗಾರನ ಹೆಸರು ಇರುವುದಿಲ್ಲ, ಬರೀ ಸಂಖ್ಯೆ. ವ್ಯಕ್ತಿಗಿಂತ ತಂಡ ದೊಡ್ಡದು ಎಂಬ ಅರ್ಥದಲ್ಲಿ. ಹಿಂದೆ ಅದರಿಂದ ತೊಂದರೆ ಇರಲಿಲ್ಲ, ಯಾವ ಸಂಖ್ಯೆ ಯಾರದೆಂದು ಊರಿನ ಮಕ್ಕಳಿಗೂ ಬಾಯಿಪಾಠವಾಗಿತ್ತು. ಈ ಸಲ ಹೋಗುವಾಗ ಆಟಗಾರರ ಪಟ್ಟಿಯನ್ನು ಮುದ್ರಿಸಿಕೊಂಡು ಹೋಗಲು ಹೇಳಿ ಎಂದಿದ್ದೇನೆ. ಅಕ್ಕಪಕ್ಕದಲ್ಲಿ ನಲವತ್ತು ವರ್ಷದಿಂದ ಕೂರುತ್ತಿರುವ ಅಜ್ಜಂದಿರೂ ಅವಳ ಕೈಯಿಂದ ಅದನ್ನು ಇಸಿದುಕೊಂಡು ನೋಡುತ್ತಾರೆ.